ಧಾರಾವಾಹಿ ಹೊತ್ತಿನ ಕೈಕೆಲಸ: ಅವರೆ, ಹೂವು, ಬತ್ತಿ, ಹುಣಸೆ

ಮನೆಮಂದಿಯೆಲ್ಲ ಒಂದೇ ಟಿವಿ ಮುಂದೆ ಕೂತು ಒಂದೇ ಕಾರ್ಯಕ್ರಮ ನೋಡುವುದು ಈಗ ತಾನಾಗಿ ಆಗುವುದಿಲ್ಲ. ಮೊದಲ ಜಾಹೀರಾತು ಬರುವಷ್ಟರಲ್ಲಿ ಒಬ್ಬೊಬ್ಬರ ಕೈಗೂ ಮೊಬೈಲ್ ಬಂದಿರುತ್ತದೆ. ಬೈದು ಪ್ರಯೋಜನವಿಲ್ಲ. ಕೈಗೆ ಬೇರೆ ಕೆಲಸ ಕೊಡುವುದೇ ಸರಿಯಾದ ದಾರಿ. ಅವರೆಕಾಯಿಯ ಸೊಗಡು ಅಂಟಿದ ಕೈ ಮೊಬೈಲ್ ಮುಟ್ಟುವುದಿಲ್ಲ. ಅರ್ಧ ಕಟ್ಟಿದ ಮಲ್ಲಿಗೆ ಮಾಲೆ ಬಿಟ್ಟು ಯಾರೂ ಎದ್ದು ಹೋಗುವುದಿಲ್ಲ.

ಇದೇನು ಹೊಸ ಪದ್ಧತಿಯಲ್ಲ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾದಾಗ ಟಿವಿ ಇದ್ದ ಮನೆಯ ಪಡಸಾಲೆಗೆ ಅಕ್ಕಪಕ್ಕದವರೂ ಬಂದು ಕೂರುತ್ತಿದ್ದರು, ಎಷ್ಟೋ ಮಡಿಲಲ್ಲಿ ಮೊರವೋ ಹೂವಿನ ಬುಟ್ಟಿಯೋ ಇರುತ್ತಿತ್ತು. ಹಿಂದಿ ಬಾರದ ಅಜ್ಜಿಯರಿಗೂ ಅದು ತೊಡಕಾಗಲಿಲ್ಲ. ಕಥೆ ಮೊದಲೇ ಗೊತ್ತಿದ್ದರಿಂದ ಕಣ್ಣನ್ನು ಆಗಾಗ ಎತ್ತಿದರೆ ಸಾಕಾಗುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಂಡರೆ ಯಾವ ಕಾರ್ಯಕ್ರಮಕ್ಕೆ ಯಾವ ಕೆಲಸ ಎಂಬುದು ಸುಲಭವಾಗಿ ತಿಳಿಯುತ್ತದೆ.

ಯಾವ ಕಾರ್ಯಕ್ರಮ

ಕಿವಿಯಲ್ಲೇ ಮುಕ್ಕಾಲು ಪಾಲು ನೋಡಬಹುದಾದದ್ದನ್ನು ಆರಿಸಿ. ಮಾತಿನ ಮೇಲೆ ನಡೆಯುವ ಕನ್ನಡ ಧಾರಾವಾಹಿ, ಹಾಡಿನ ಸ್ಪರ್ಧೆ, ಹಳೆಯ ಚಿತ್ರಗೀತೆ ಎಲ್ಲವೂ ಒಗ್ಗುತ್ತವೆ. ಚಂದನದ ‘ಥಟ್ ಅಂತ ಹೇಳಿ’ಯಂಥ ರಸಪ್ರಶ್ನೆ ಇನ್ನೂ ಒಳ್ಳೆಯದು. ಪ್ರಶ್ನೆ ಕಿವಿಗೆ ಬೀಳುತ್ತದೆ, ಉತ್ತರ ಬಾಯಿಂದ ಬರುತ್ತದೆ, ಕೈ ಪೂರ್ತಿ ಬಿಡುವಾಗಿರುತ್ತದೆ. ಅಲ್ಲಿ ಸರಿಯುತ್ತರಕ್ಕೆ ಪುಸ್ತಕ ಕೊಡುತ್ತಾರಲ್ಲ, ಮನೆಯಲ್ಲೂ ಹೆಚ್ಚು ಉತ್ತರ ಹೇಳಿದ ಮಗುವಿಗೆ ಒಂದು ಪುಸ್ತಕ ಎಂದು ಇಟ್ಟುಕೊಳ್ಳಬಹುದು.

ಸಬ್‌ಟೈಟಲ್ ಓದಿ ನೋಡಬೇಕಾದ ಬೇರೆ ಭಾಷೆಯ ಸಿನಿಮಾ ಮಾತ್ರ ಬೇಡ. ಅಲ್ಲಿ ಕಣ್ಣು ಒಂದು ಕ್ಷಣವೂ ಪರದೆ ಬಿಡುವಂತಿಲ್ಲ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಹಾಕುವ ದಿನ ನೋಡದೆಯೇ ಮಾಡಬಹುದಾದ ಕೆಲಸ ಮಾತ್ರ ಇರಲಿ. ಆ ಬೀದಿ, ಆ ಮನೆಯ ಕಂಬ, ಜಗಲಿ ಎಲ್ಲ ಕಣ್ತುಂಬ ನೋಡುವಂಥವು. ಕಾಯಿ ಬಿಡಿಸುವುದೋ ಬೆಳ್ಳುಳ್ಳಿ ಸುಲಿಯುವುದೋ ಆ ದಿನಕ್ಕೆ ಸಾಕು.

ಕೂರುವುದು, ಬೆಳಕು, ಶಬ್ದ

ಸೋಫಾದಲ್ಲಿ ಕೂತರೆ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ, ಚಾಪೆ ಮೇಲೆ ಕೂತರೆ ಎರಡೂವರೆ ಅಡಿ. ಗೋಡೆಯ ಟಿವಿಯನ್ನು ಸೋಫಾದ ಲೆಕ್ಕಕ್ಕೆ ಹಾಕಿಸಿರುವುದರಿಂದ ನೆಲದಲ್ಲಿ ಕೂತವರ ಕತ್ತು ಅರ್ಧ ಗಂಟೆಯಲ್ಲೇ ಹಿಡಿಯುತ್ತದೆ. ಚಾಪೆಯನ್ನು ಹಿಂದಕ್ಕೆ ಎಳೆಯಿರಿ. 43 ಇಂಚಿನ ಟಿವಿಗೆ ಏಳು ಅಡಿ ದೂರ ಹಿತ. ಸ್ಟ್ಯಾಂಡಿಗೆ ಬಾಗಿಸುವ ಸೌಕರ್ಯವಿದ್ದರೆ ಪರದೆಯ ಮೇಲ್ಭಾಗವನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಮಂಡಿ ನೋವಿನವರಿಗೆ ಗಿಡ್ಡ ಸ್ಟೂಲು ಕೊಟ್ಟು ಮೊರವನ್ನು ಇನ್ನೊಂದು ಸ್ಟೂಲಿನ ಮೇಲಿಡಿ. ಬಗ್ಗಿ ಬಿಡಿಸಿದರೆ ಸೊಂಟ ಹಿಡಿಯುತ್ತದೆ.

ದೀಪ ಆರಿಸಬೇಡಿ. ದೀಪ ನಿಮ್ಮ ಹಿಂದೆ, ಹೆಗಲ ಪಕ್ಕಕ್ಕಿರಲಿ, ಬೆಳಕು ಮಡಿಲಿಗೆ ಬೀಳಲಿ. ನೇರ ಬೆನ್ನ ಹಿಂದಿದ್ದರೆ ಪರದೆಯಲ್ಲಿ ಹೊಳೆಯುತ್ತದೆ.

ವಯಸ್ಸಾದವರು “ಕೇಳಿಸುತ್ತಿಲ್ಲ” ಎಂದಾಗ ವಾಲ್ಯೂಮ್ ಏರಿಸುವುದು ಅಭ್ಯಾಸ. ಅದರಿಂದ ಹಿನ್ನೆಲೆ ಸಂಗೀತವೂ ಏರುತ್ತದೆ, ಮಾತು ಮಾತ್ರ ಅಷ್ಟೇ ಮಸುಕು. ಟಿವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಬೇಸ್ ಇಳಿಸಿ, ಮಾತು ಸ್ಪಷ್ಟಪಡಿಸುವ ಆಯ್ಕೆಯಿದ್ದರೆ ಅದನ್ನು ಹಾಕಿ. ಬಹಳಷ್ಟು ಟಿವಿಗಳ ಸ್ಪೀಕರ್ ಕೆಳಗೋ ಹಿಂದೆಯೋ ಇರುತ್ತದೆ, ಅದರ ಮುಂದೆ ಗೊಂಬೆ, ಫೋಟೋ, ಬಟ್ಟೆ ಇಟ್ಟಿದ್ದರೆ ತೆಗೆಯಿರಿ.

ಅವರೆ: ಎರಡು ಸಂಜೆಯ ಕೆಲಸ

ಟಿವಿ ಮುಂದಿನ ಕೆಲಸಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಡಿಸೆಂಬರ್, ಜನವರಿಯಲ್ಲಿ ಮಾರುಕಟ್ಟೆಗೆ ರಾಶಿ ರಾಶಿ ಬರುತ್ತದೆ, ಮನೆಯ ಚಿಕ್ಕವರಿಂದ ಹಿರಿಯರವರೆಗೆ ಎಲ್ಲರಿಗೂ ಇದರಲ್ಲಿ ಪಾಲಿದೆ. ಕೊಳ್ಳುವಾಗ ಸಿಪ್ಪೆ ಮುಟ್ಟಿದರೆ ಬೆರಳಿಗೆ ಜಿಗುಟು ಹತ್ತಬೇಕು, ಮೂಸಿದರೆ ಘಮ ಬರಬೇಕು. ಸೊಗಡಿಲ್ಲದ ಕಾಯಿಯ ಸಾರಿಗೆ ರುಚಿಯಿಲ್ಲ.

ಕಾಯಿ ಎಷ್ಟು ಬಲಿತಿದೆ ಎನ್ನುವುದರ ಮೇಲೆ 1 ಕೆಜಿಗೆ 350ರಿಂದ 450 ಗ್ರಾಂ ಕಾಳು ಬರುತ್ತದೆ. ಹಿತುಕಿದ ಮೇಲೆ, ಅಂದರೆ ನೆನೆಸಿದ ಕಾಳನ್ನು ಒತ್ತಿ ಹೊರಸಿಪ್ಪೆ ಬಿಡಿಸಿದ ಮೇಲೆ, ಉಳಿಯುವುದು 300 ಗ್ರಾಂ ಆಸುಪಾಸು. ನಾಲ್ಕು ಜನರ ಹಿತುಕಬೇಳೆ ಸಾರಿಗೆ ಅಷ್ಟು ಬೇಕು, ಹಾಗಾಗಿ 1 ಕೆಜಿಗಿಂತ ಕಡಿಮೆ ತಂದರೆ ಶ್ರಮಕ್ಕೆ ತಕ್ಕದ್ದಾಗುವುದಿಲ್ಲ.

ಮೊದಲ ಸಂಜೆ ಬಿಡಿಸುವುದು. ಹಳೆಯ ಪೇಪರ್ ಹಾಸಿ ನಡುವೆ ಕಾಯಿ ಸುರಿಯಿರಿ. ಪ್ರತಿಯೊಬ್ಬರಿಗೂ ಒಂದು ಚಿಕ್ಕ ಬಟ್ಟಲು, ಸಿಪ್ಪೆಗೆ ಎಲ್ಲರಿಗೂ ಸೇರಿ ಒಂದೇ ಮಂಕರಿ. ಒಂದೇ ಪಾತ್ರೆಗೆ ಎಲ್ಲರೂ ಕಾಳು ಹಾಕಿದರೆ ಹುಳು ಯಾರ ಕೈಯಲ್ಲಿ ತಪ್ಪಿಸಿಕೊಂಡಿತೆಂದು ತಿಳಿಯುವುದಿಲ್ಲ. ಸಿಪ್ಪೆಯಲ್ಲಿ ಸಣ್ಣ ತೂತು ಕಂಡರೆ ಒಳಗೆ ಹಸಿರು ಹುಳು ಇದೆಯೆಂದೇ ತಿಳಿದು ಆ ಕಾಯನ್ನು ಪಕ್ಕಕ್ಕಿಡಿ, ಜಾಹೀರಾತಿನ ಹೊತ್ತಲ್ಲಿ ಬೆಳಕಿಗೆ ಹಿಡಿದು ಬಿಡಿಸಿ. ಐದಾರು ವರ್ಷದ ಮಕ್ಕಳು ಈ ಕೆಲಸ ಚೆನ್ನಾಗಿ ಮಾಡುತ್ತಾರೆ. ಅದಕ್ಕಿಂತ ಚಿಕ್ಕವರ ಕೈಗೆ ಕಾಳು ಸಿಗದಂತೆ ನೋಡಿಕೊಳ್ಳಿ. ಮೂಗಿಗೆ ಹಾಕಿಕೊಳ್ಳುತ್ತಾರೆ, ಒಳಗೆ ಊದಿಕೊಂಡ ಕಾಳನ್ನು ತೆಗೆಸಲು ವೈದ್ಯರ ಬಳಿಗೇ ಓಡಬೇಕಾಗುತ್ತದೆ.

ಬಿಡಿಸಿದ ಕಾಳನ್ನು ತೊಳೆಯದೆ, ನೆನೆಸದೆ, ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಬಹಳ ಮಂದಿ ಎಡವುವುದು ಇಲ್ಲೇ. ರಾತ್ರಿಯೇ ನೀರಿಗೆ ಹಾಕಿ ಮರುದಿನ ಸಂಜೆ ಹಿತುಕೋಣವೆಂದರೆ ಹದಿನೆಂಟು ಇಪ್ಪತ್ತು ಗಂಟೆ ನೆನೆದು ಕಾಳು ಹುಳಿ ವಾಸನೆ ಹಿಡಿಯುತ್ತದೆ, ಬೇಳೆ ಲೋಳೆಯಾಗುತ್ತದೆ. ಮರುದಿನ ಮಧ್ಯಾಹ್ನ ಊಟವಾದ ಮೇಲೆ, ಒಂದೂವರೆ ಗಂಟೆ ಹೊತ್ತಿಗೆ, ಕಾಳು ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ತಣ್ಣೀರು ಹಾಕಿ. ಸಂಜೆ ಏಳಕ್ಕೆ ಐದೂವರೆ ಗಂಟೆಯ ಲೆಕ್ಕ ಸರಿಹೋಗುತ್ತದೆ. ಮರೆತಿದ್ದರೆ ಕೈ ತಾಳುವಷ್ಟು ಬಿಸಿನೀರಲ್ಲಿ ಒಂದು ಗಂಟೆ ಸಾಕು. ಕುದಿಯುವ ನೀರು ಬೇಡ, ಬೇಳೆ ಅರೆಬೆಂದು ಹಿತುಕುವಾಗ ಒಡೆಯುತ್ತದೆ.

ಹಿತುಕುವುದಕ್ಕೆ ಕಣ್ಣೇ ಬೇಕಿಲ್ಲ. ಕಾಳಿಗೆ ಬಿಳಿ ಮೂತಿ ಇರುತ್ತದಲ್ಲ, ಅದು ಬೆರಳಿಗೇ ತಿಳಿಯುತ್ತದೆ. ಆ ಮೂತಿಯ ಕಡೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಎದುರು ತುದಿಯಿಂದ ಬೇಳೆ ಚಿಮ್ಮುತ್ತದೆ. ಚಿಮ್ಮುವ ದಿಕ್ಕು ಪಾತ್ರೆಯ ಒಳಕ್ಕಿರಲಿ, ಪಾತ್ರೆಗೆ ಎತ್ತರದ ಅಂಚಿರಲಿ, ಇಲ್ಲದಿದ್ದರೆ ಅರ್ಧ ಬೇಳೆ ಸೋಫಾದ ಕೆಳಗೆ. ಪಾತ್ರೆಯಲ್ಲಿ ಎರಡು ಬೆರಳು ನೀರಿದ್ದರೆ ಬೇಳೆ ಒಣಗುವುದಿಲ್ಲ. ಎಳೆಕಾಳು ಒತ್ತಿದರೆ ಜಜ್ಜಿಹೋಗುತ್ತದೆ, ಅದನ್ನು ಹಾಗೇ ಬಿಟ್ಟು ಉಪ್ಪಿಟ್ಟಿಗೆ ಹಾಕಿ. ಒತ್ತಿದರೂ ಜಾರದ ಕಾಳು ಇನ್ನೂ ನೆನೆದಿಲ್ಲ, ನೀರಿಗೆ ವಾಪಸ್ ಹಾಕಿ ಕೊನೆಯಲ್ಲಿ ನೋಡಿ. ಗಾಯವಿರುವ ಬೆರಳಿಗೆ ಈ ಕೆಲಸ ಬೇಡ, ಉರಿಯುತ್ತದೆ.

ಮುಗಿದ ಮೇಲೆ ನೊರೆ ಹೋಗುವಷ್ಟು, ಮೂರು ಸಲ ತೊಳೆಯಿರಿ. ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ. ಹೆಚ್ಚು ದಿನಕ್ಕಾದರೆ ಕುದಿನೀರಲ್ಲಿ ಎರಡು ನಿಮಿಷ ಬಿಟ್ಟು, ತಣ್ಣೀರಿಗೆ ಹಾಕಿ, ಬಸಿದು, ಒಮ್ಮೆಗೆ ಬೇಕಾದಷ್ಟನ್ನೇ ಒಂದೊಂದು ಚೀಲಕ್ಕೆ ತುಂಬಿ ಫ್ರೀಜರ್‌ನಲ್ಲಿಡಿ. ಕರಿಯಲು ಬೇಕಿದ್ದರೆ ತೆಳುಬಟ್ಟೆ ಮೇಲೆ ಫ್ಯಾನ್ ಕೆಳಗೆ ಎರಡು ಗಂಟೆ ಹರವಿ. ನೀರಿನಂಶ ಉಳಿದರೆ ಎಣ್ಣೆ ಸಿಡಿಯುತ್ತದೆ. ಉಗುರಿನ ಕಪ್ಪಿಗೆ ಹುಣಸೆಹಣ್ಣು ತಿಕ್ಕಿ ತೊಳೆದರೆ ಹೋಗುತ್ತದೆ.

ಹೂವು ಕಟ್ಟುವುದು

ಮಲ್ಲಿಗೆ ಸಂಜೆ ಅರಳುವ ಹೂವು. ಏಳು ಗಂಟೆಯ ಧಾರಾವಾಹಿಗೆ ಕೂತು ಬುಟ್ಟಿ ತೆರೆದರೆ ಮೊಗ್ಗು ಬಿರಿದಿರುತ್ತದೆ, ಬಿರಿದ ಹೂವಿನ ಎಸಳು ಕಟ್ಟುವಾಗ ಉದುರುತ್ತದೆ. ಬೆಳಿಗ್ಗೆ ತಂದ ಮೊಗ್ಗನ್ನು ಹಿಂಡಿದ ಒದ್ದೆಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟು, ಶೀರ್ಷಿಕೆ ಗೀತೆ ಶುರುವಾಗುವಾಗ ತೆಗೆಯಿರಿ. ಬಟ್ಟೆಯಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಮೊಗ್ಗು ಕಂದುತ್ತದೆ.

ಬಾಳೆನಾರನ್ನು ಹತ್ತು ನಿಮಿಷ ನೆನೆಸಿ ಉಗುರಿನಿಂದ ಸಣ್ಣಗೆ ಸೀಳಿ. ಒಣನಾರು ಎಳೆದಾಗ ತುಂಡಾಗುತ್ತದೆ. ನೂಲಿನ ದಾರವಾದರೂ ಆಗುತ್ತದೆ, ಆದರೆ ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸುತ್ತದೆ. ದಾರದ ತುದಿಯನ್ನು ಎಡಗೈಯ ಹೆಬ್ಬೆರಳು, ತೋರುಬೆರಳಲ್ಲಿ ಹಿಡಿಯಿರಿ. ಎರಡು ಮೊಗ್ಗು ಎಡಕ್ಕೆ ಮುಖ ಮಾಡಿ, ಎರಡು ಬಲಕ್ಕೆ, ತೊಟ್ಟುಗಳು ನಡುವೆ ಒಂದರ ಮೇಲೊಂದು ಬರಲಿ. ದಾರವನ್ನು ತೊಟ್ಟುಗಳ ಸುತ್ತ ಒಂದು ಸುತ್ತು ತನ್ನಿ. ಬಲಗೈ ಬೆರಳಿಗೆ ದಾರ ಸುತ್ತಿ ತಿರುಚಿದರೆ ಕುಣಿಕೆಯಾಗುತ್ತದೆ, ಅದನ್ನು ತೊಟ್ಟುಗಳ ಮೇಲೆ ಇಳಿಸಿ ಎಳೆಯಿರಿ. ಮುಂದಿನ ನಾಲ್ಕು ಮೊಗ್ಗು ಹಿಂದಿನವಕ್ಕೆ ತಾಗಿಕೊಂಡೇ ಬರಬೇಕು.

ಕಲಿಯುವವರು ಟಿವಿ ಮುಂದೆ ಕೂತು ಕಲಿಯಬಾರದು. ಕೈಗೆ ಪಳಗಿದ ಮೇಲೆ ಮಾತ್ರ ಕಣ್ಣು ಬೇಡ. ಅಲ್ಲಿಯವರೆಗೆ ಎರಡೆರಡು ಮೊಗ್ಗು ಜೋಡಿಸಿ ತಟ್ಟೆಯಲ್ಲಿಡುವುದು ಅವರ ಕೆಲಸ. ಒಬ್ಬರು ಜೋಡಿಸಿ ಕೊಟ್ಟರೆ ಕಟ್ಟುವವರ ವೇಗ ಎಷ್ಟೋ ಹೆಚ್ಚುತ್ತದೆ. ಮೊದಲ ಪಾಠಕ್ಕೆ ತೊಟ್ಟು ಗಟ್ಟಿಯಿರುವ ಸೇವಂತಿಗೆಯೇ ಒಳ್ಳೆಯದು. ಕನಕಾಂಬರದ ತೊಟ್ಟು ಮೃದು, ಅದನ್ನು ಕೊನೆಗಿಟ್ಟುಕೊಳ್ಳಿ.

ಬತ್ತಿ, ಗೆಜ್ಜೆವಸ್ತ್ರ

ಮೊದಲು ಫ್ಯಾನ್ ಆರಿಸಿ. ಹತ್ತಿ ಹಾರಿ ಮನೆಯೆಲ್ಲ ಆಗುತ್ತದೆ, ದಮ್ಮು ಇರುವವರಿಗೆ ಕೆಮ್ಮು ಶುರುವಾಗುತ್ತದೆ.

ಹೂಬತ್ತಿಗೆ ನೆಲ್ಲಿಕಾಯಿಯಷ್ಟು ಹತ್ತಿ ತೆಗೆದುಕೊಂಡು ಕಸ, ಬೀಜದ ಚೂರು ಆರಿಸಿ, ಅಂಗೈಯಲ್ಲಿ ತೆಳ್ಳಗೆ ಹರಡಿ. ಅಂಚುಗಳನ್ನು ಮೇಲಕ್ಕೆ ಕೂಡಿಸಿ, ಬೆರಳಿಗೆ ಹಾಲು ಸವರಿಕೊಂಡು ತುದಿಯನ್ನು ಹೊಸೆಯಿರಿ. ಕೆಲವರು ಹಾಲಿನ ಬದಲು ವಿಭೂತಿ ಹಚ್ಚಿಕೊಳ್ಳುತ್ತಾರೆ, ಬೆರಳು ಬೆವರುವವರಿಗೆ ಅದೇ ವಾಸಿ. ತುದಿ ಸಡಿಲವಾದರೆ ಹತ್ತಿದ ಕೂಡಲೇ ಉರಿದುಹೋಗುತ್ತದೆ. ಬುಡ ದಪ್ಪವಾದರೆ ಎಣ್ಣೆಯನ್ನೆಲ್ಲ ಅದೇ ಹೀರಿಕೊಂಡು ಹೊಗೆಯಾಡುತ್ತದೆ. ಹಾಲು ಹಚ್ಚಿದ ಬತ್ತಿಯನ್ನು ಅಂದೇ ಡಬ್ಬಿಗೆ ತುಂಬಬೇಡಿ, ಬೂಷ್ಟು ಹಿಡಿಯುತ್ತದೆ. ತಟ್ಟೆಯಲ್ಲಿ ಹರವಿ, ಬಿಸಿಲಿಗಿಟ್ಟು ಪೂರ್ತಿ ಒಣಗಿದ ಮೇಲೆ ತುಂಬಿ.

ಗೌರಿ ಹಬ್ಬದ 16 ಎಳೆಯ ಗೆಜ್ಜೆವಸ್ತ್ರಕ್ಕೆ ಹಬ್ಬಕ್ಕೆ ಎರಡು ವಾರ ಮುಂಚೆಯೇ ಕೂತುಬಿಡಿ. ಗೆಜ್ಜೆಗಳ ನಡುವಿನ ಅಂತರ ಒಂದೇ ಸಮ ಬರಬೇಕಾದ್ದರಿಂದ ಒಂದು ಮಾಲೆಯನ್ನು ಒಬ್ಬರೇ ಮುಗಿಸಬೇಕು. ನಡುವೆ ಕೈ ಬದಲಾದರೆ ಮಾಲೆ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಕುಂಕುಮ ಹಚ್ಚುವುದು ಟಿವಿ ಆರಿಸಿದ ಮೇಲೆ.

ತರಬಾರದ ಕೆಲಸಗಳು

ಅಕ್ಕಿ, ಬೇಳೆಯ ಕಲ್ಲು ಆರಿಸುವುದು ಬೇಡ. ಕಣ್ಣು ಎರಡು ಕಡೆ ಇದ್ದರೆ ಕಲ್ಲು ಊಟದ ಹೊತ್ತಿಗೆ ಹಲ್ಲಿಗೇ ಸಿಗುತ್ತದೆ. ಸೊಪ್ಪು ಬಿಡಿಸುವುದೂ ಹಾಗೆಯೇ, ಎಲೆಯ ಹಿಂಬದಿಯ ಹುಳು ಕಾಣುವುದಿಲ್ಲ. ಈಳಿಗೆಮಣೆ, ಚಾಕು ಯಾವುದೂ ಟಿವಿ ಮುಂದೆ ಬರಕೂಡದು. ಬಟ್ಟೆ ಮಡಚಬಹುದು, ಆದರೆ ಕೈ ಒಣಗಿರುವುದರಿಂದ ಮೊಬೈಲ್ ಮತ್ತೆ ಕೈಗೆ ಬರುತ್ತದೆ.

ಕುರುಕಲು ತಿಂಡಿ ಕೆಲಸ ಮುಗಿದು ಕೈ ತೊಳೆದ ಮೇಲೆ. ಜಾಹೀರಾತಿನ ಬಿಡುವು ಕುಕ್ಕರ್ ಇಡುವುದಕ್ಕೆ, ಹಾಲು ಕಾಯಿಸುವುದಕ್ಕೆ ಇರಲಿ. ಹಾಲಿಟ್ಟವರು ಅಲ್ಲೇ ನಿಲ್ಲಬೇಕು, ಕಥೆ ಶುರುವಾಯಿತೆಂದು ಓಡಿ ಬಂದರೆ ಉಕ್ಕುತ್ತದೆ.

ಹುಣಸೆ

ಫೆಬ್ರುವರಿ, ಮಾರ್ಚ್‌ನಲ್ಲಿ ಹೊಸ ಹುಣಸೆ ಬಂದಾಗ ಸಿಪ್ಪೆ ಕುಟ್ಟುವುದನ್ನು ಹಗಲಲ್ಲೇ ಮುಗಿಸಿ, ಕೊಡತಿಯ ಸದ್ದಿಗೆ ಒಂದು ಮಾತೂ ಕೇಳುವುದಿಲ್ಲ. ಸಂಜೆಗೆ ನಾರು, ಬೀಜ ತೆಗೆಯುವುದು ಮಾತ್ರ. ಬೆರಳಿಗೆ ಎರಡು ಹನಿ ಹರಳೆಣ್ಣೆ ಹಚ್ಚಿಕೊಂಡರೆ ಅಂಟುವುದಿಲ್ಲ. ಬೀಜ ತೆಗೆದ 1 ಕೆಜಿ ಹಣ್ಣಿಗೆ 50 ಗ್ರಾಂ ಪುಡಿ ಮಾಡಿದ ಕಲ್ಲುಪ್ಪು ಬೆರೆಸಿ, ಎರಡು ಮೂರು ದಿನ ಬಿಸಿಲಿಗಿಟ್ಟು, ಉಂಡೆ ಕಟ್ಟಿ ಪಿಂಗಾಣಿ ಜಾಡಿಗೆ ತುಂಬಿ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ.

ಬೀಜ ಎಸೆಯಬೇಡಿ. ದುಂಡಗಿನ ನಾಲ್ಕನ್ನು ಆರಿಸಿ, ಒಂದೊಂದರ ಒಂದು ಬದಿಯನ್ನು ಒರಟು ಕಲ್ಲಿಗೆ ಬಿಳುಪು ಕಾಣುವವರೆಗೆ ತೇಯಲು ಮಕ್ಕಳಿಗೆ ಕೊಡಿ. ಚೌಕಾಬಾರಕ್ಕೆ ಇವೇ ದಾಳ: ಬಿಳಿ ಎಷ್ಟು ಮೇಲೆ ಬಿತ್ತೋ ಅಷ್ಟು ಮನೆ, ನಾಲ್ಕೂ ಬಿಳಿಯಾದರೆ ನಾಲ್ಕು, ನಾಲ್ಕೂ ಕಪ್ಪಾದರೆ ಎಂಟು. ಧಾರಾವಾಹಿಯ ನಡುವೆ ಕರೆಂಟ್ ಹೋದಾಗ ಹುಡುಕಾಡದೆ ಸಿಗುವಂತೆ ಇವನ್ನು ರಿಮೋಟ್ ಇಡುವ ಜಾಗದಲ್ಲೇ ಒಂದು ಪುಟ್ಟ ಡಬ್ಬಿಯಲ್ಲಿ ಇಡಿ, ಜೊತೆಗೆ ಮನೆ ಬರೆಯಲು ಒಂದು ಸೀಮೆಸುಣ್ಣ.