ಮಂಜಿನ ಚಿತ್ರದಲ್ಲಿ ಮೂಡುತ್ತಿದ್ದ ಪಟ್ಟೆಗಳು

ಮಾಂದಲಪಟ್ಟಿಯಲ್ಲಿ ಬೆಳಗಿನ ಹೊತ್ತು ಸೆರೆಹಿಡಿದ ಚಿತ್ರಗಳನ್ನು ತಿದ್ದಲು ಕುಳಿತಾಗಲೆಲ್ಲ, ಬೆಟ್ಟದ ಸಾಲುಗಳ ನಡುವೆ ನಯವಾಗಿ ಹರಡಿರಬೇಕಾದ ಮಂಜು ಮೆಟ್ಟಿಲು ಮೆಟ್ಟಿಲಾದ ಪಟ್ಟೆಗಳಾಗಿ ಒಡೆದು ಕಾಣುತ್ತಿತ್ತು. ಲೆನ್ಸಿಗೆ ತೇವ ಹಿಡಿದಿರಬಹುದೆಂದು ಮೊದಲು ಶಂಕಿಸಿದೆ. ಮಳೆಗಾಲದ ಕೊಡಗಿನಲ್ಲಿ ಅದು ಸಹಜವಾದ ಅನುಮಾನವೇ. ಆದರೆ ತಿದ್ದದ ಮೂಲ ಚಿತ್ರದಲ್ಲಿ ಪಟ್ಟೆಗಳೇ ಇರಲಿಲ್ಲ.

ಕಾರಣ ಚಿತ್ರವನ್ನು ಕುಗ್ಗಿಸಿ ಉಳಿಸುವ ಜೆಪೆಗ್ ಕಡತದಲ್ಲಿತ್ತು. ಅದು 8 ಬಿಟ್‌ಗಳದಾದ್ದರಿಂದ ಪ್ರತಿ ಬಣ್ಣಕ್ಕೆ ಹೊಳಪಿನ 256 ಹಂತಗಳಷ್ಟೇ ದೊರೆಯುತ್ತವೆ. ಮಂಜು ಅವುಗಳಲ್ಲಿ ಕೆಲವನ್ನು ಮಾತ್ರ ಬಳಸುವುದರಿಂದ, ಕಾಂಟ್ರಾಸ್ಟ್ ಹೆಚ್ಚಿಸಿದೊಡನೆ ಆ ಹಂತಗಳ ನಡುವಿನ ಅಂತರ ಹಿಗ್ಗಿ ಕಣ್ಣಿಗೆ ಗೋಚರಿಸುತ್ತದೆ. ಈಗ ನಾನು 14 ಬಿಟ್‌ಗಳ ರಾ ಕಡತದಲ್ಲಿ (ಕ್ಯಾಮೆರಾದ ಸೆನ್ಸರ್ ಹಿಡಿದ ಕಚ್ಚಾ ಮಾಹಿತಿ), ಅಂದರೆ 16,384 ಹಂತಗಳಲ್ಲಿ, ಚಿತ್ರ ತೆಗೆಯುತ್ತೇನೆ. ರಾ ಕಡತ ತಿದ್ದುವ ಡಾರ್ಕ್‌ಟೇಬಲ್ ತಂತ್ರಾಂಶದಲ್ಲಿ ಬೆಳಕನ್ನೂ ಕಾಂಟ್ರಾಸ್ಟನ್ನೂ ಸರಿಪಡಿಸಿ, 16 ಬಿಟ್‌ಗಳ ಟಿಫ್ ಕಡತವಾಗಿ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕೆ ಒಯ್ದು, ಎಲ್ಲ ಮುಗಿದ ಮೇಲಷ್ಟೇ ಜೆಪೆಗ್‌ಗೆ ಇಳಿಸುತ್ತೇನೆ. ಈ ಕ್ರಮವನ್ನು ತಪ್ಪಿಸಬಾರದು. ಆಗಲೂ ಆಕಾಶದಂಚಿನಲ್ಲಿ ತೆಳುವಾದ ಗೆರೆ ಉಳಿದರೆ, ಇಳಿಸುವ ಮುನ್ನ ತುಸುವೇ ಗ್ರೇನ್ (ಮರಳಿನಂಥ ಸಣ್ಣ ಚುಕ್ಕೆಗಳು) ಸೇರಿಸುತ್ತೇನೆ. ಆ ಸಣ್ಣ ಕಣಗಳು ಹಂತಗಳ ಅಂಚನ್ನು ಕದಡುವುದರಿಂದ ಮಂಜು ಮತ್ತೆ ಮಂಜಿನಂತೆಯೇ ಕಾಣುತ್ತದೆ.

ಹಳೆಯ ಜೆಪೆಗ್‌ಗಳನ್ನು 16 ಬಿಟ್‌ಗೆ ಬದಲಿಸಿದರೂ ಕಳೆದುಹೋದ ಹಂತಗಳು ಮರಳಲಿಲ್ಲ. ಅವುಗಳಿಗೆ ಕಾಂಟ್ರಾಸ್ಟ್ ತಗ್ಗಿಸಿ, ಗ್ರೇನ್ ಸೇರಿಸಿ ತೃಪ್ತಿಪಡಬೇಕಾಯಿತು.