ಅಪ್ಪೆಮಿಡಿ ಬಾಟಲಿಗೆ ಲೇಬಲ್ ಹಾಕುವ ಮುನ್ನ

ಸಾಗರ, ಹೊಸನಗರ ಕಡೆ ಮನೆಯಲ್ಲೇ ಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ ಹಾಕಿ ಮಾರುವವರಿಗೆ ಎರಡು ಮಾತು. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯನ್ನು ಅದರದೇ ಫಾಸ್ಕಾಸ್ ಜಾಲತಾಣದಲ್ಲಿ ಮಾಡಿಸಬಹುದು. ಅದು ಕಷ್ಟವಲ್ಲ, ಎಡವುವುದು ಲೇಬಲ್‌ನಲ್ಲಿ. ನೋಂದಣಿಯ 14 ಅಂಕಿಯ ಸಂಖ್ಯೆಯನ್ನು ಎಫ್‌ಎಸ್‌ಎಸ್‌ಎಐ ಲೋಗೊ ಜೊತೆಗೇ ಹಾಕಬೇಕು. ಸಸ್ಯಾಹಾರದ ಗುರುತಾಗಿ ಹಸಿರು ಚೌಕದೊಳಗೆ ಹಸಿರು ಚುಕ್ಕಿ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಬ್ಯಾಚ್ ನಂಬರ್, ತಯಾರಿಸಿದ ದಿನ, ಬಳಸಬೇಕಾದ ಕೊನೆ ದಿನ, ಪೂರ್ತಿ ವಿಳಾಸ, ದೂರಿಗೆ ಫೋನ್ ನಂಬರ್ ಇವೂ ಬೇಕು. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿದ್ದುದರಿಂದ ಕಡಿಮೆಗೆ ಬರೆಯಿರಿ. ಬರೀ 'ಮಸಾಲೆ' ಎಂದು ಬರೆದು ಮುಗಿಸಬೇಡಿ. ಸಾಸಿವೆ, ಮೆಣಸಿನಕಾಯಿ, ಇಂಗು ಎಂದು ಬಿಡಿಸಿ ಹೇಳಿ.

ಉಪ್ಪುನೀರಿನ ಮಿಡಿಗೆ ಉಪ್ಪೇ ಕಾವಲು, ಶೇ. 12ಕ್ಕಿಂತ ಕಡಿಮೆ ಆಗಬಾರದು. 'ಉಪ್ಪು ಕಮ್ಮಿ ಮಾಡಿ' ಅನ್ನುವ ಗಿರಾಕಿಗೆ ಮಣಿದರೆ ಮಿಡಿ ಮೆತ್ತಗಾಗಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಮಿಡಿ ನೀರಿನೊಳಗೆ ಪೂರ್ತಿ ಮುಳುಗಿರಲಿ.

ತಗಡಿನ ಮುಚ್ಚಳದ ಒಳಪದರ ಒಂದು ಕಡೆ ಗೀರಿದ್ದರೂ ಸಾಕು, ಉಪ್ಪು ತಾಗಿ ತುಕ್ಕು ಹಿಡಿಯುತ್ತದೆ. ಅಂಥದ್ದನ್ನು ಪಕ್ಕಕ್ಕಿಡಿ. ನಮ್ಮ ಮಳೆಗಾಲಕ್ಕೆ ಕಾಗದದ ಸ್ಟಿಕ್ಕರ್ ತಡೆಯದು: ಅಂಚು ಎದ್ದು, ಎಣ್ಣೆ ಹೀರಿ, ಮೊದಲು ಅಳಿಸುವುದೇ ದಿನಾಂಕ. ಪ್ಲಾಸ್ಟಿಕ್ ಸ್ಟಿಕ್ಕರನ್ನು ಒಣಗಿಸಿ ಒರೆಸಿದ ಬಾಟಲಿಗೆ ಅಂಟಿಸಿ. ಪ್ರತಿ ಬ್ಯಾಚಿನದೂ ಒಂದು ಬಾಟಲಿ ನಿಮ್ಮಲ್ಲೇ ಉಳಿಸಿ. ದೂರು ಬಂದಾಗ ಕೆಟ್ಟದ್ದು ನಿಮ್ಮ ಮನೆಯಲ್ಲೋ ಅಂಗಡಿಯ ಬಿಸಿಲಲ್ಲೋ ಅಂತ ನೋಡಲು ಅದೇ ಬೇಕಾಗುತ್ತದೆ.