ಹೂದಾನಿಯ ಚಿತ್ರ: ದಳ ಬಿಡಿ, ಮೊದಲು ಗೊಂಚಲು ನೋಡಿ

ಹೂದಾನಿಯ ಚಿತ್ರ ಬರೆಯಲು ಕೂತವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಮೊದಲ ಹೂವಿನ ಮೊದಲ ದಳದಿಂದಲೇ ಶುರುಮಾಡುತ್ತಾರೆ. ಮೂರನೇ ಹೂವಿಗೆ ಬರುವಷ್ಟರಲ್ಲಿ ಕಾಗದದಲ್ಲಿ ಜಾಗ ಮುಗಿದಿರುತ್ತದೆ, ಬೆಳಕು ಸರಿದಿರುತ್ತದೆ.

ಐದಾರು ಹೂ ಸಾಕು. ಬೆಳಕು ಒಂದೇ ಬದಿಯಿಂದ ಬೀಳುವಂತೆ ಇಡಿ. ಎಲ್ಲವೂ ನಿಮ್ಮತ್ತಲೇ ಮುಖ ಮಾಡುವುದು ಬೇಡ, ಒಂದೆರಡು ಬೆನ್ನು ತಿರುಗಿಸಿರಲಿ. ಜಲವರ್ಣಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದವೇ ಆಗಬೇಕು. ತೆಳು ಕಾಗದ ನೀರು ಕುಡಿದು ಉಬ್ಬುತ್ತದೆ.

ಪೆನ್ಸಿಲ್ಲಿನಲ್ಲಿ ನಡುಗೆರೆ ಎಳೆದು ಹೂದಾನಿಯ ಎರಡೂ ಬದಿ ಸರಿದೂಗಿಸಿ. ತಳವನ್ನು ನೇರ ಗೆರೆಯಿಂದ ಮುಗಿಸಬೇಡಿ. ಮೇಲಿನಿಂದ ನೋಡುವಾಗ ಬಾಯಿಗಿಂತ ತಳದ ಬಾಗೇ ಹೆಚ್ಚು.

ಇನ್ನು ಕಷ್ಟದ ಹಂತ. ಕಣ್ಣು ಕಿರಿದು ಮಾಡಿ ನೋಡಿ. ದಳಗಳು ಮರೆಯಾಗಿ ಇಡೀ ಗೊಂಚಲು ಒಂದು ಉಂಡೆಯಂತೆ ಕಾಣುತ್ತದೆ, ಅರ್ಧ ಬೆಳಕು, ಅರ್ಧ ನೆರಳು. ದೊಡ್ಡ ಬ್ರಷ್ಷಿನಲ್ಲಿ ಬಳಿಯಬೇಕಾದ್ದು ಅದನ್ನೇ. ಪ್ರತಿ ಹೂವಿಗೂ ಮೊದಲು ತೆಳು ಬಣ್ಣ. ಕಾಗದವನ್ನು ಓರೆಯಾಗಿ ಹಿಡಿದು ಗಮನಿಸಿ: ನೀರು ನಿಂತು ಹೊಳೆಯುತ್ತಿದ್ದರೆ ಕಾಯಿರಿ. ಹೊಳಪು ಇಳಿಯತೊಡಗಿದಾಗ ನೆರಳಿನ ಬದಿಗೆ ಗಟ್ಟಿ ಬಣ್ಣ ಮುಟ್ಟಿಸಿ, ತಾನಾಗಿ ಹರಡಲು ಬಿಡಿ. ಬ್ರಷ್ಷು ಕಾಗದಕ್ಕಿಂತ ಒಣಗಿರಲೇಬೇಕು. ಹೊಳಪು ಪೂರ್ತಿ ಹೋದ ಮೇಲೆ ಒದ್ದೆ ಬ್ರಷ್ಷು ತಾಗಿಸಿದರೆ ಹೂಕೋಸಿನ ಅಂಚಿನಂಥ ಕಲೆ ಏಳುತ್ತದೆ. ತಿದ್ದಿದಷ್ಟೂ ಅದು ಬೆಳೆಯುತ್ತದೆ. ಆಗ ಕೈ ಕಟ್ಟಿ ಕೂರಿ, ಪೂರ್ತಿ ಒಣಗಲಿ. ನೆರಳಲ್ಲಿ ಅಕ್ಕಪಕ್ಕದ ಹೂಗಳ ಅಂಚು ಬೆರೆತುಹೋದರೆ ಹೋಗಲಿ, ಕಣ್ಣಿಗೂ ಅದು ಹಾಗೆಯೇ ಕಾಣುವುದು.

ನೆರಳಿಗೆ ಕಪ್ಪು ಮಾತ್ರ ಬೇಡ. ಹಳದಿಗೆ ಕಪ್ಪು ಸೇರಿದರೆ ಕೊಳಕು ಹಸಿರಾಗುತ್ತದೆ. ಬರ್ಂಟ್ ಸಿಯೆನಾ ಎಂಬ ಕೆಂಗಂದು ಬಣ್ಣ ಬೆರೆಸಿ. ಬಿಳಿ ಹೂವಿಗೆ ಕಾಗದವೇ ಬಿಳುಪು, ನೆರಳಿಗಷ್ಟೇ ತಿಳಿ ನೀಲಿಬೂದು. ಗುಲಾಬಿಗೆಂದು ಅನೇಕರು ಕೊಳ್ಳುವ ಒಪೆರಾ ರೋಸ್ ಕಣ್ಣು ಕುಕ್ಕುವಷ್ಟು ಚೆಂದ, ಆದರೆ ಬೆಳಕಿಗೆ ಬೇಗ ಮಾಸುತ್ತದೆ. ಗೋಡೆಗೆ ಹಾಕುವ ಚಿತ್ರಕ್ಕೆ ಕ್ವಿನಾಕ್ರಿಡೋನ್ ರೋಸ್ ತನ್ನಿ. ಎಲೆಗೆ ಟ್ಯೂಬಿನ ಹಸಿರನ್ನು ಹಾಗೆಯೇ ಬಳಿಯುವುದೂ ಬೇಡ. ತುಸು ಕೆಂಪು ಸೇರಿದರೆ ಅದರ ಪ್ಲಾಸ್ಟಿಕ್ ಹೊಳಪು ಇಳಿಯುತ್ತದೆ.

ಒಣಗಿದ ಮೇಲೆ, ಬೆಳಕು ಬಿದ್ದ ಒಂದೆರಡು ಹೂಗಳಿಗೆ ಮಾತ್ರ ದಳದ ಅಂಚು ಬರೆಯಿರಿ. ಗಾಜಿನ ಹೂದಾನಿಯಾದರೆ ನೀರಿನ ಮಟ್ಟದಲ್ಲಿ ಕಾಂಡ ಮುರಿದಂತೆ ಕಾಣುತ್ತದೆ, ಕಂಡಂತೆಯೇ ಬರೆಯಿರಿ. ಕೊನೆಗೆ ಮೇಜಿನ ಮೇಲಿನ ನೆರಳು: ಹೂದಾನಿಯ ತಳಕ್ಕೆ ಅಂಟಿದ ಕಡೆ ಅತಿ ಗಾಢ, ದೂರ ಹೋದಂತೆ ತೆಳು. ಇದನ್ನು ಬಿಟ್ಟರೆ ಹೂದಾನಿ ಗಾಳಿಯಲ್ಲಿ ತೇಲುತ್ತದೆ.